ಗಜನಿ ಜಾಗ: ಗಿರಾಕಿಗೆ ಎಷ್ಟು ಹೇಳಬೇಕು?

ಪ್ರಶ್ನೆ (ಕುಮಟಾ ಏಜೆಂಟ್):
ಅಘನಾಶಿನಿ ಹಿನ್ನೀರಿನ ಹತ್ತಿರ 8 ಗುಂಟೆ ಮಾರಾಟಕ್ಕಿದೆ. ಮೊದಲು ಕಗ್ಗ (ಉಪ್ಪು ನೀರು ತಡೆಯುವ ಭತ್ತ) ಬೆಳೆಯುತ್ತಿದ್ದ ಗಜನಿ, ಅಂದರೆ ಹೊಳೆಯ ಉಪ್ಪು ನೀರು ನುಗ್ಗುವ ತಗ್ಗು ಗದ್ದೆ; ಈಗ ಕೆಂಪು ಮಣ್ಣು ತುಂಬಿಸಿದ್ದಾರೆ. ಏಪ್ರಿಲ್‌ನಲ್ಲಿ ಬಾವಿ ನೀರು ಉಪ್ಪಾಗುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಮಾಲೀಕರು "ಕೇಳಿದರೆ ಮಾತ್ರ ಹೇಳು" ಅನ್ನುತ್ತಾರೆ. ಪಾರ್ಟಿ ಹುಬ್ಬಳ್ಳಿಯವರು. ಮಳೆಗಾಲದಲ್ಲಿ ಬಂದು, ತುಂಬಿದ ಬಾವಿ ನೋಡಿ ಖುಷಿಯಾಗಿದ್ದಾರೆ. ಏನು ಮಾಡಲಿ?

ಉತ್ತರ (ಅಂಕೋಲಾ):
ಸುಮ್ನೆ ಯಾಕೆ ತಲೆಬಿಸಿ? ಪಹಣಿ, ಎನ್‌ಎ (ಕೃಷಿಯೇತರ ಬಳಕೆಯ ಅನುಮತಿ) ಸರಿ ಇದ್ದರೆ ಸಾಕು. ನೀರಿನದ್ದು ಕೊಳ್ಳುವವರ ಪಾಡು.

ಉತ್ತರ (ಕಾರವಾರ ಏಜೆಂಟ್):
ಹಾಗೆ ಕೈತೊಳೆದುಕೊಳ್ಳಲು ಆಗುವುದಿಲ್ಲ ಮಾರಾಯ್ರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಓದಿ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ದೊಡ್ಡ ದೋಷ ಮಾಲೀಕರಿಗೆ ಗೊತ್ತಿದ್ದರೆ ಹೇಳಬೇಕು. ಏಪ್ರಿಲ್‌ನ ಉಪ್ಪು ಜುಲೈನಲ್ಲಿ ಯಾರ ಬಾಯಿಗೆ ಸಿಗುತ್ತದೆ? ದೊಡ್ಡ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಇದೆ, ಅಲ್ಲಿ ಸುಳ್ಳು ಹೇಳಿದ ಏಜೆಂಟರೂ ಸಿಕ್ಕಿಬೀಳುತ್ತಾರೆ.

ಆದರೆ ಉಪ್ಪಿಗಿಂತ ಮೊದಲು ಸಿಆರ್‌ಝಡ್ (ಕಟ್ಟಡಕ್ಕೆ ನಿರ್ಬಂಧ ಇರುವ ಕರಾವಳಿ ನಿಯಂತ್ರಣ ವಲಯ) ನೋಡಿ. ಅದು ಕಡಲ ದಂಡೆಗೆ ಮಾತ್ರ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಉಬ್ಬರದ ನೀರು ಏರುವ ಹೊಳೆಯ ದಂಡೆಗೂ ಬರುತ್ತದೆ. ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲೂ ಇದೆ. ಎನ್‌ಎ ಆಗಿದೆ ಅಂದರೆ ಮನೆ ಕಟ್ಟಲು ಬಿಡುತ್ತಾರೆ ಅಂತಲ್ಲ. ಸರ್ವೆ ನಂಬರ್ ಹಿಡಿದು ಸಿಆರ್‌ಝಡ್ ನಕ್ಷೆ ನೋಡಿಸಿ.

ನಾನು ಪಾರ್ಟಿಯನ್ನು ಪಕ್ಕದ ಮನೆ ಅಂಗಳಕ್ಕೆ ಕರೆದುಕೊಂಡು ಹೋಗಿಬಿಡುತ್ತೇನೆ. ಅಲ್ಲಿ ಚಾ ಕುಡಿಯುವುದರೊಳಗೆ ಎಲ್ಲ ಹೊರಬರುತ್ತದೆ! ಕಾಳಿ ಹೊಳೆ ದಂಡೆಯ ಜಾಗವಾದರೆ, 2019ರಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆಗೆದಾಗ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿಸುತ್ತೇನೆ. ಗುಡ್ಡ ಕಡಿದು ಸಮ ಮಾಡಿದ ಪ್ಲಾಟ್ ನಾನು ತೋರಿಸುವುದೇ ಇಲ್ಲ. 2009ರಲ್ಲಿ ಕಡವಾಡದ ಝರಿವಾಡ, 2024ರಲ್ಲಿ ಶಿರೂರು ಗುಡ್ಡ ಕುಸಿದದ್ದು ನೋಡಿದ ಮೇಲೂ ತೋರಿಸಬೇಕಾ? ಅಡ್ವಾನ್ಸ್‌ಗೆ ಮೊದಲು ನೀರು, ನೆರೆ, ಸಿಆರ್‌ಝಡ್ ಬರೆದು ಇಬ್ಬರಿಂದಲೂ ಸಹಿ ಹಾಕಿಸಿಕೊಳ್ಳಿ. ಕಮಿಷನ್ ಕೈತಪ್ಪಬಹುದು, ಹೌದು.

ಉತ್ತರ (ಶಿರಸಿ):
ನಮ್ಮಲ್ಲಿ ಸೊಪ್ಪಿನ ಬೆಟ್ಟದ್ದೇ ರಗಳೆ. "ತೋಟದ ಜೊತೆ ಬೆಟ್ಟವೂ ನಿಮ್ಮದೇ, ಹೋಂಸ್ಟೇ ಕಟ್ಟಿ" ಅಂತ ಬೆಂಗಳೂರಿನವರಿಗೆ ಹೇಳುತ್ತಾರೆ. ತೋಟಕ್ಕೆ ಸೊಪ್ಪು ತರಲು ಕೊಟ್ಟ ಸವಲತ್ತು ಅದು, ಮನೆ ಕಟ್ಟುವ ಜಾಗ ಅಲ್ಲ.

ಕುಮಟಾ ಏಜೆಂಟ್:
ಬರೆದು ಕೊಡೋಣ ಅಂದೆ. ಮಾಲೀಕರು ಬೇರೆ ಏಜೆಂಟ್ ನೋಡುತ್ತಾರಂತೆ. ಪಾರ್ಟಿಗೆ ಉಪ್ಪಿನ ವಿಷಯ ಹೇಳಿಯೇ ಬಿಟ್ಟೆ. ಬೇಸಿಗೆಯಲ್ಲಿ ಇನ್ನೊಮ್ಮೆ ಬರುತ್ತಾರಂತೆ. ನಕ್ಷೆಗೆ ಅರ್ಜಿ ಯಾರ ಹೆಸರಲ್ಲಿ ಹಾಕಬೇಕು, ಮಾಲೀಕರದ್ದೇ ಆಗಬೇಕಾ?