ಸಹಾಯ ಬೇಕು: ಕ್ಯಾಲೊರಿ ಲೆಕ್ಕ ಮುಂದುವರಿಸಲಾ, ಊಟವನ್ನೇ ಬದಲಿಸಲಾ?

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಹಾಸನದಲ್ಲಿದ್ದೇನೆ. ತೂಕ 82 ಕೆಜಿ. ಎರಡು ತಿಂಗಳಿಂದ ದಿನಕ್ಕೆ 1500 ಕ್ಯಾಲೊರಿ ಅಂತ ಮೊಬೈಲಿನಲ್ಲಿ ಲೆಕ್ಕ ಬರೆದು ತಿನ್ನುತ್ತಿದ್ದೇನೆ. ಮೊದಲು ಮೂರು ಕೆಜಿ ಇಳಿಯಿತು. ಈಗ ನಿಂತುಬಿಟ್ಟಿದೆ.

ತೊಂದರೆ ಏನೆಂದರೆ, ಲೆಕ್ಕಕ್ಕೆ ಸುಲಭ ಅಂತ ಪ್ಯಾಕೆಟ್ ತಿಂಡಿಗೇ ಕೈ ಹೋಗುತ್ತಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಸಂಖ್ಯೆ ಇರುತ್ತದೆ. ಅಮ್ಮ ಮಾಡುವ ಹುರುಳಿಕಾಳಿನ ಸಾರಿಗೆ ಅದು ಸಿಗುವುದಿಲ್ಲ. ಆದರೆ ಬಿಸ್ಕತ್ತು ತಿಂದ ದಿನ ಲೆಕ್ಕ ಸರಿ ಇದ್ದರೂ ರಾತ್ರಿ ಒಂಬತ್ತಕ್ಕೆ ಹೊಟ್ಟೆ ಚುರುಗುಟ್ಟುತ್ತದೆ. ಮುದ್ದೆ, ಸೊಪ್ಪಿನ ಸಾರು ಉಂಡ ದಿನ ಹಾಗಾಗುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ 20 ಜನರ ಮೇಲೆ ನಡೆದ ಪ್ರಯೋಗದ ಬಗ್ಗೆ ಓದಿದೆ. ಬೇಕಾದಷ್ಟು ತಿನ್ನಲು ಬಿಟ್ಟಾಗ, ಕಾರ್ಖಾನೆಯ ತಿನಿಸು ಕೊಟ್ಟ ಎರಡು ವಾರ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರಂತೆ. ನನಗಾಗುತ್ತಿರುವುದೂ ಇದೇ ಅಲ್ವಾ ಅನ್ನಿಸಿತು.

ಹಾಗಂತ ಲೆಕ್ಕ ಪೂರ್ತಿ ಬಿಡಲೂ ಭಯ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ. ನಮ್ಮ ಮನೆಯಲ್ಲಿ ಒಗ್ಗರಣೆಗೆ ಕೈ ಅಂದಾಜೇ ಅಳತೆ. ಕಡಲೆಕಾಯಿ ಒಳ್ಳೆಯದು ಅಂತ ಸುಮ್ನೆ ಬಾಯಾಡಿಸಿದರೆ 100 ಗ್ರಾಂ ಬೀಜಕ್ಕೆ 550 ದಾಟುತ್ತದೆ.

ತೂಕ ಇಳಿಸಿಕೊಂಡವರು ದಯವಿಟ್ಟು ಹೇಳಿ. ಮನೆ ಊಟದ ಲೆಕ್ಕ ಹೇಗೆ ಇಡುತ್ತೀರಿ? ಮುದ್ದೆ ಮಾಡುವ ಮೊದಲೇ ಹಿಟ್ಟು ತೂಗುತ್ತೀರಾ? ಇಲ್ಲಾ ಲೆಕ್ಕ ಬಿಟ್ಟು, ತಟ್ಟೆಯಲ್ಲಿ ಪಲ್ಯ, ಕಾಳು ಜಾಸ್ತಿ ಮಾಡಿದ್ದೇ ಸಾಕಾಯಿತಾ? ಸಕ್ಕರೆ ಕಾಯಿಲೆ, ಥೈರಾಯ್ಡ್ ಎರಡೂ ಇಲ್ಲ, ಪರೀಕ್ಷೆ ಮಾಡಿಸಿದ್ದೇನೆ. ಸಂಜೆ ಅರ್ಧ ಗಂಟೆ ನಡೆಯುತ್ತೇನೆ. ಪುಡಿ, ಶೇಕ್‌ಗಳ ಸಲಹೆ ಮಾತ್ರ ಬೇಡ. ಅಮ್ಮನ ಅಡುಗೆ ಬಿಡದೆ ತೂಕ ಇಳಿಸುವ ದಾರಿ ಬೇಕು.