ಶಾಸಕರ ಪ್ರಶ್ನೆ ಬರೆಯುವುದು ಹೇಗೆ? ನಿವೃತ್ತ ಶಾಖಾಧಿಕಾರಿಯ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರಿಂದ ತಾಲ್ಲೂಕು ಕೇಂದ್ರಕ್ಕೆ ಹೋಗುವ ಏಳು ಕಿಲೋಮೀಟರ್ ರಸ್ತೆಗೆ ಎರಡು ಸಲ ದುಡ್ಡು ಮಂಜೂರಾಗಿದೆ ಅಂತ ಬೋರ್ಡ್ ಹಾಕಿದ್ದಾರೆ. ರಸ್ತೆ ಮಾತ್ರ ಹಾಗೇ ಇದೆ. ಶಾಸಕರ ಪಿಎ ಅವರು "ನೀವೇ ಒಂದು ಪ್ರಶ್ನೆ ಬರೆದುಕೊಡಿ, ಸಾಹೇಬ್ರು ಅಧಿವೇಶನದಲ್ಲಿ ಕೇಳ್ತಾರೆ" ಅಂದರು. ನಾನು ಹೀಗೆ ಬರೆದಿದ್ದೇನೆ: "ಸದರಿ ರಸ್ತೆ ಹದಗೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?" ಇಷ್ಟು ಸಾಕಾ?

ಉತ್ತರ: ಬೇಜಾರು ಮಾಡ್ಕೋಬೇಡಿ. ಮಂತ್ರಿಗಳ ಉತ್ತರದ ಕರಡು ಬರೆಯುತ್ತಿದ್ದ ನನಗೆ ಇದಕ್ಕೆ ಉತ್ತರ ಬರೆಯಲು ಎರಡು ನಿಮಿಷ ಸಾಕಿತ್ತು. ನಮ್ಮ ಉತ್ತರದ ಹಾಳೆಯಲ್ಲಿ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ಎದುರಿಗೆ "ಬಂದಿದೆ". (ಆ) ಎದುರಿಗೆ "ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ವಹಿಸಲಾಗುವುದು". ಮುಗೀತು. ಸುಳ್ಳೂ ಇಲ್ಲ, ವಿಷಯವೂ ಇಲ್ಲ. ಅಕಸ್ಮಾತ್ (ಅ)ಗೆ "ಇಲ್ಲ" ಅಂತ ಬರೆದರೆ ಇನ್ನೂ ಸುಲಭ. (ಆ)ಗೆ "ಉದ್ಭವಿಸುವುದಿಲ್ಲ" ಅಂದರಾಯಿತು.

"ಗಮನಕ್ಕೆ ಬಂದಿದೆಯೇ" ಬಿಡಿ, ಲೆಕ್ಕ ಕೇಳಿ. ನಮ್ಮ ಕಡತಗಳಲ್ಲಿ ಮಂಜೂರು, ಬಿಡುಗಡೆ, ವೆಚ್ಚ ಮೂರೂ ಬೇರೆ ಬೇರೆ. ಮಂಜೂರು ಅಂದರೆ ಕಾಗದದ ಮೇಲೆ ಒಪ್ಪಿಗೆ ಸಿಕ್ಕಿತು ಅಷ್ಟೇ. ಬಿಡುಗಡೆ ಅಂದರೆ ದುಡ್ಡು ಮನೆ ಬಿಟ್ಟು ಹೊರಟಿತು. ಅದು ಕೆಲಸ ಮಾಡಿಸುವ ಏಜೆನ್ಸಿಯ ಖಾತೆಯಲ್ಲಿ ತಿಂಗಳುಗಟ್ಟಲೆ ಸುಮ್ನೆ ಕೂತಿರುವುದೂ ಉಂಟು. ಬಿಲ್ ಪಾವತಿ ಆದಾಗಲೇ ವೆಚ್ಚ. ನಿಮ್ಮ ಬೋರ್ಡಿನಲ್ಲಿರುವುದು ಮೊದಲನೆಯದು. ನಿಮಗೆ ಬೇಕಿರುವುದು ಮೂರನೆಯದು, ಅಲ್ವಾ?

ಜೊತೆಗೆ ಲೆಕ್ಕ ಶೀರ್ಷಿಕೆ, ಅಂದರೆ ಬಜೆಟ್ಟಿನಲ್ಲಿ ಆ ದುಡ್ಡು ಯಾವ ಸಂಖ್ಯೆಯ ಕೆಳಗೆ ಬರುತ್ತದೆ ಅನ್ನೋದನ್ನೂ ಕೇಳಿ. ರಸ್ತೆ, ಸೇತುವೆಯ ಬಂಡವಾಳ ವೆಚ್ಚ 5054ರಲ್ಲಿ ಬರುತ್ತದೆ, ನಿರ್ವಹಣೆ 3054ರಲ್ಲಿ. ಒಂದೇ ರಸ್ತೆಯ ಹೆಸರು ಎರಡೂ ಕಡೆ ಕಂಡರೆ ಹೊಸ ಕೆಲಸ ಯಾವುದು, ಗುಂಡಿ ಮುಚ್ಚಿದ್ದು ಯಾವುದು ಅಂತ ಅಲ್ಲೇ ಹಿಡಿಯಬಹುದು. ಕಾರ್ಯಾದೇಶದ (ಗುತ್ತಿಗೆದಾರನಿಗೆ ಕೆಲಸ ಶುರು ಮಾಡಲು ಕೊಡುವ ಆದೇಶ) ದಿನಾಂಕ, ಅಳತೆ ಪುಸ್ತಕದಲ್ಲಿ ದಾಖಲಾದ ದಿನಾಂಕ, ಬಿಲ್ ಪಾವತಿಯ ದಿನಾಂಕ ಮೂರನ್ನೂ ಕೇಳಿ. ಆದ ಕೆಲಸವನ್ನು ಅಳೆದು ಬರೆದಿಡುವುದೇ ಅಳತೆ ಪುಸ್ತಕ, ನಾವು ಆಫೀಸಿನಲ್ಲಿ ಎಂಬಿ ಅನ್ನುತ್ತೇವೆ. ಟೆಂಡರ್ ಕರೆದಿದ್ದರಾ, ಇಲ್ಲ ಟೆಂಡರ್ ಇಲ್ಲದೆ ಕೆಲಸ ಕೊಡಲು 1999ರ ಪಾರದರ್ಶಕ ಕಾಯ್ದೆಯ 4(ಜಿ) ವಿನಾಯಿತಿ ತಗೊಂಡಿದ್ದರಾ ಅನ್ನೋದನ್ನೂ ಸೇರಿಸಿ. ಈ ಕೊನೆಯದನ್ನು ಕಂಡರೆ ಕರಡು ಬರೆಯುವವನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಾನೆ.

ಪ್ರಶ್ನೆ (ಇನ್ನೊಬ್ಬರು): ಮಧ್ಯೆ ಬಾಯಿ ಹಾಕ್ತಿದ್ದೀನಿ ಸರ್. ಹಾಗಿದ್ದರೆ ಇಡೀ ಜಿಲ್ಲೆಯ ಎಲ್ಲ ರಸ್ತೆಗಳ ಐದು ವರ್ಷದ ಲೆಕ್ಕವನ್ನೇ ಒಟ್ಟಿಗೆ ಕೇಳಿಬಿಟ್ಟರೆ?

ಉತ್ತರ: ಕೇಳಬಹುದಮ್ಮಾ. ಒಮ್ಮೆ ಒಬ್ಬ ಸದಸ್ಯರು ಇಡೀ ರಾಜ್ಯದ್ದೇ ಕೇಳಿದ್ದರು. "ವಿಧಾನಸಭಾ ಪ್ರಶ್ನೆ, ತುರ್ತು" ಅಂತ ಕೆಂಪು ಶಾಯಿಯಲ್ಲಿ ಬರೆದು ಎಲ್ಲ ವಿಭಾಗಗಳಿಗೂ ಕಳಿಸಿದೆವು. ರಾತ್ರಿ ಹನ್ನೊಂದರವರೆಗೆ ಒಂದೊಂದೇ ಪಟ್ಟಿ ಬರುತ್ತಿತ್ತು. ಒಬ್ಬರದು ಲಕ್ಷದಲ್ಲಿ, ಇನ್ನೊಬ್ಬರದು ಕೋಟಿಯಲ್ಲಿ. ಕೊನೆಗೆ ಉತ್ತರದಲ್ಲಿ "ವಿವರಗಳನ್ನು ಅನುಬಂಧದಲ್ಲಿ ಒದಗಿಸಲಾಗಿದೆ" ಅಂತ ಒಂದು ಸಾಲು ಬರೆದು, ಅನುಬಂಧವನ್ನು ಸಿಡಿಯಲ್ಲಿ ಹಾಕಿ ಕೊಟ್ಟೆವು. ಆ ಸಿಡಿ ಬಗ್ಗೆ ಆಮೇಲೆ ಯಾರೂ ಫೋನ್ ಮಾಡಲಿಲ್ಲ. ಒಂದು ತಾಲ್ಲೂಕು, ಎರಡು ವರ್ಷ, ಕಾಮಗಾರಿವಾರು. ಅಷ್ಟು ಸಾಕು.

ಪ್ರಶ್ನೆ: ಚುಕ್ಕೆ ಗುರುತಿನ ಪ್ರಶ್ನೆ ಮಾಡಿಸಿದರೆ ತೂಕ ಜಾಸ್ತಿ ಅಲ್ವಾ ಸರ್? ಟಿವಿಯಲ್ಲೂ ಬರುತ್ತೆ.

ಉತ್ತರ: ಟಿವಿಗೆ ಅದೇ ಸರಿ. ಚುಕ್ಕೆ ಗುರುತಿನದಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆಯನ್ನೂ ಎದುರಿಸಬೇಕು. ಆದರೆ ಸರದಿ ಬರಬೇಕಲ್ಲ. ಲೋಕಸಭೆಯನ್ನೇ ನೋಡಿ. ದಿನಕ್ಕೆ 20 ಚುಕ್ಕೆ ಗುರುತಿನವು, 230 ಚುಕ್ಕೆ ಇಲ್ಲದವು. ಆ 20ರಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಕೆಲವಕ್ಕೆ ಮಾತ್ರ. ಗದ್ದಲ ಎದ್ದರೆ ಅದೂ ಇಲ್ಲ. ಅಂಕಿಅಂಶ ಬೇಕಾದವರು ಚುಕ್ಕೆ ಇಲ್ಲದ್ದನ್ನೇ ಹಾಕಲಿ ಅನ್ನೋದು ನನ್ನ ಅಭಿಪ್ರಾಯ. ಉತ್ತರ ಲಿಖಿತವಾಗಿ ಕೈಗೆ ಸಿಗುತ್ತದೆ, ವಿಧಾನಸಭೆಯ ಜಾಲತಾಣಕ್ಕೂ ಏರುತ್ತದೆ.

ಚುಕ್ಕೆ ಗುರುತಿನದಕ್ಕೆ ಬೆಲೆ ಬರುವುದು ಬೆನ್ನು ಬಿಡದ ಸದಸ್ಯರಿದ್ದಾಗ. 1957ರಲ್ಲಿ ಎಲ್‌ಐಸಿ ದುಡ್ಡು ಉದ್ಯಮಿ ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರಿಗೆ ಹೋದದ್ದನ್ನು ಸದಸ್ಯರು ಲೋಕಸಭೆಯಲ್ಲಿ ಕೆದಕಿದರು. ಸುಮಾರು ಒಂದೂಕಾಲು ಕೋಟಿ ರೂಪಾಯಿ. ಫಿರೋಜ್ ಗಾಂಧಿ ಆಳುವ ಪಕ್ಷದವರೇ ಆದರೂ ಬಿಡಲಿಲ್ಲ. ತನಿಖೆಗೆ ಚಾಗ್ಲಾ ಆಯೋಗ ಕೂತಿತು, 1958ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ನಿಮ್ಮ ಏಳು ಕಿಲೋಮೀಟರಿಗೆ ಅಷ್ಟೆಲ್ಲ ಬೇಡ ಬಿಡಿ.

ಪ್ರಶ್ನೆ: ಮಂತ್ರಿ "ಪರಿಶೀಲಿಸುತ್ತೇವೆ" ಅಂದು ಕೂತುಬಿಟ್ಟರೆ?

ಉತ್ತರ: ಸದನದಲ್ಲಿ "ಮಾಡುತ್ತೇವೆ" ಅಂದದ್ದರ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ನಡಾವಳಿಯಲ್ಲಿ ದಾಖಲಾದ ಮಾತನ್ನು ತೋರಿಸಿ ಶಾಸಕರು ಅಲ್ಲಿಗೆ ಬರೆಯಬಹುದು. ಶಾಸಕರೇ ತಣ್ಣಗಾದರೆ ಮಾಹಿತಿ ಹಕ್ಕು ಇದ್ದೇ ಇದೆ. ಶಾಸಕಾಂಗಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಅಂತ ಆ ಕಾಯ್ದೆಯ 8ನೇ ಕಲಮಿನಲ್ಲೇ 2025ರಲ್ಲಿ ತಿದ್ದುಪಡಿ ಜಾರಿಯಾಗುವವರೆಗೆ ಇತ್ತು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಇದೇ ಪ್ರಶ್ನೆಯನ್ನು ಅಲ್ಲಿಗೂ ಹಾಕಿ.

ಪ್ರಶ್ನೆ (ಮೊದಲು ಕೇಳಿದವರು): ತಿದ್ದಿ ಬರೆದೆ ಸರ್. "(ಅ) ಸದರಿ ರಸ್ತೆಗೆ ಕಳೆದ ಎರಡು ವರ್ಷಗಳಲ್ಲಿ ಲೆಕ್ಕ ಶೀರ್ಷಿಕೆವಾರು ಮಂಜೂರಾದ, ಬಿಡುಗಡೆಯಾದ ಹಾಗೂ ವೆಚ್ಚವಾದ ಮೊತ್ತವೆಷ್ಟು? (ಆ) ಕಾರ್ಯಾದೇಶ, ಅಳತೆ ಪುಸ್ತಕ ದಾಖಲಾತಿ ಹಾಗೂ ಬಿಲ್ ಪಾವತಿಯ ದಿನಾಂಕಗಳಾವುವು? (ಇ) ಟೆಂಡರ್ ಕರೆಯಲಾಗಿದೆಯೇ ಅಥವಾ 4(ಜಿ) ವಿನಾಯಿತಿ ಪಡೆಯಲಾಗಿದೆಯೇ? (ಈ) ಬಾಕಿ ಕಾಮಗಾರಿಯನ್ನು ಯಾವಾಗ ಪೂರ್ಣಗೊಳಿಸಲಾಗುವುದು?"

ಉತ್ತರ: ಭೇಷ್. ಎರಡೇ ತಿದ್ದುಪಡಿ. "ಕಳೆದ ಎರಡು ವರ್ಷ" ತೆಗೆದು ಆರ್ಥಿಕ ವರ್ಷಗಳನ್ನು ಅಂಕಿಯಲ್ಲಿ ಬರೆಯಿರಿ. (ಈ)ಯಲ್ಲಿ "ಯಾವಾಗ" ಅಂದರೆ "ಶೀಘ್ರದಲ್ಲಿ" ಅಂತ ಬರುತ್ತದೆ. ಅಲ್ಲಿ "ಯಾವ ದಿನಾಂಕದೊಳಗೆ" ಅಂತ ಹಾಕಿ, ಪಿಎ ಕೈಗೆ ಕೊಟ್ಟು ಬನ್ನಿ.