ಅಜ್ಜಿಗೆ ಕಾಣುವ ಕೆಂಪು ಪೇಟದವರು

ಗುಂಪು: ಆಲ್ದೂರು ಮನೆಯವರು

ಮೂಡಿಗೆರೆ ಅತ್ತೆ (ಫಾರ್ವರ್ಡ್): ಕಣ್ಣಿನ ಪೊರೆ ತೆಗೆಸದಿದ್ದರೆ ಮರೆವಿನ ಕಾಯಿಲೆ ಖಂಡಿತ!! ವಿಜ್ಞಾನಿಗಳ ಎಚ್ಚರಿಕೆ. ಹತ್ತು ಜನಕ್ಕೆ ಕಳಿಸಿ.

ಮೂಡಿಗೆರೆ ಅತ್ತೆ: ನೋಡಿದಿರಾ? ಅವ್ವನಿಗೆ ಆಗಿರುವುದು ಇದೇ. ಹೋದ ವರ್ಷವೇ ಬಡ್ಕೊಂಡೆ, ಯಾರೂ ಕೇಳಲಿಲ್ಲ.

ಬೆಂಗಳೂರು ಅಣ್ಣ: ಅತ್ತೆ, ಇದನ್ನು ಹೇಳಿದ್ದು ಯಾರು? ಯಾವ ಪತ್ರಿಕೆ? ಖಂಡಿತ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ.

ದೊಡ್ಡಪ್ಪ: ಎಲ್ಲ ಈ ಮೊಬೈಲ್‌ನಿಂದ. ನಮ್ಮ ಅಪ್ಪ ಎಂಬತ್ತು ದಾಟಿದರೂ ಕನ್ನಡಕ ಹಾಕಲಿಲ್ಲ. ಬೆಳಿಗ್ಗೆ ಎದ್ದು ತೋಟ ಸುತ್ತಬೇಕು, ಹಸಿರು ನೋಡಬೇಕು. ಅವ್ವನಿಗೆ ವಯಸ್ಸಾಯಿತು, ಅರಳು ಮರಳು. ಅದಕ್ಕೆ ಆಪರೇಷನ್ ಏನು ಮಾಡುತ್ತೆ?

ಮೂಡಿಗೆರೆ ಅತ್ತೆ: ಅಣ್ಣ, ಡಾಕ್ಟರು ದಿನ ಕೊಟ್ಟಿದ್ದರು. ತಮ್ಮನ ಮನೆ ಗೃಹಪ್ರವೇಶ ಅಂತ ಮುಂದೆ ಹಾಕಿದ್ದು ಯಾರು?

ಚಿಕ್ಕಪ್ಪ: ಅಕ್ಕ, ನನ್ನ ಮನೆ ಯಾಕೆ ಎಳೆಯುತ್ತೀಯ? ಗೃಹಪ್ರವೇಶ ಒಂದು ದಿನ. ಆಮೇಲೆ ಕೊಯ್ಲು ಅಂತ ಮೂರು ತಿಂಗಳು ತಳ್ಳಿದ್ದು ನಾನಲ್ಲ. ಅವ್ವನ ತೋಳಿಗೆ ತಾಯಿತ ಕಟ್ಟಿಸಿದ್ದು ಯಾರು, ಅದನ್ನೂ ಹೇಳು.

ಸಕಲೇಶಪುರ ಅಕ್ಕ: ಅಜ್ಜಿ ಕಣ್ಣು ಎಷ್ಟು ಚುರುಕಿತ್ತು ಅಲ್ವಾ! ಲಾಟೀನು ಬೆಳಕಲ್ಲಿ ಅಕ್ಕಿ ಕಲ್ಲು ಆರಿಸುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಕಾಲಿಗೆ ಹತ್ತಿದ ಇಂಬಳ ನಮಗಿಂತ ಮೊದಲು ಅವರಿಗೇ ಕಾಣುತ್ತಿತ್ತು.

ಬೆಂಗಳೂರು ಅಣ್ಣ: ವಿಷಯಕ್ಕೆ ಬನ್ನಿ. ಹುಡುಕಿದೆ. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಯನ ಒಂದು ಬಂದಿದೆ. 65 ದಾಟಿದ, ಪೊರೆಯೋ, ಕಣ್ಣಿನ ನರ ಹಾಳು ಮಾಡುವ ಗ್ಲಾಕೋಮಾವೋ ಇದ್ದ 3 ಸಾವಿರಕ್ಕೂ ಹೆಚ್ಚು ಜನ. ಪೊರೆ ತೆಗೆಸಿದವರಲ್ಲಿ ಮರೆವಿನ ಕಾಯಿಲೆಯ ಅಪಾಯ ಸುಮಾರು ಶೇ. 30 ಕಡಿಮೆ ಕಂಡಿದೆ. ಗ್ಲಾಕೋಮಾ ಆಪರೇಷನ್ ಆದವರಲ್ಲಿ ಆ ವ್ಯತ್ಯಾಸ ಇಲ್ಲ. ಅದರಿಂದ ಹೋದ ದೃಷ್ಟಿ ವಾಪಸ್ ಬರುವುದಿಲ್ಲವಲ್ಲ. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ತಂಡವೂ ಚಿಕಿತ್ಸೆ ಮಾಡಿಸದ ದೃಷ್ಟಿದೋಷವನ್ನು ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ 14 ಅಂಶಗಳ ಪಟ್ಟಿಗೆ ಸೇರಿಸಿದೆ. ಅಪಾಯ ಜಾಸ್ತಿ ಅಂದರೆ ಬಂದೇ ಬರುತ್ತೆ ಅಂತಲ್ಲ.

ಮೂಡಿಗೆರೆ ಅತ್ತೆ: ನಾನು ಹೇಳಿದ್ದೂ ಅದೇ ಅಲ್ವಾ?

ಬೆಂಗಳೂರು ಅಣ್ಣ: ಅಲ್ಲ ಅತ್ತೆ.

ನಾನು: ದೊಡ್ಡಪ್ಪ, ಅತ್ತೆ, ಇದನ್ನು ದಯವಿಟ್ಟು ಪೂರ್ತಿ ಓದಿ. ಅಜ್ಜಿಗೆ ಮರೆವು ಅಂತ ನನಗೆ ಅನಿಸುವುದಿಲ್ಲ. ಹೋದ ವಾರ ಸಂಜೆ ಜಗಲಿಯಲ್ಲಿ ಕೂತಿದ್ದೆವು. ಕಣದ ಕಡೆ ನೋಡುತ್ತಾ "ಕೆಂಪು ಪೇಟದವರು ಮತ್ತೆ ಬಂದಿದಾರೆ" ಅಂದರು. ಕಣ ಖಾಲಿ. ಅತ್ತೆ ಹೆದರಿ ತಾಯಿತ ಕಟ್ಟಿಸಿದ್ದು ಇದಕ್ಕೇ, ಗೊತ್ತು. ಆದರೆ ಅಜ್ಜಿ ನನ್ನ ಕೈ ಹಿಡಿದು ಮೆಲ್ಲಗೆ, "ಅವರು ಮಾತಾಡಲ್ಲ ಕಣೇ, ಸುಮ್ನೆ ನಿಂತಿರ್ತಾರೆ. ಅಲ್ಲಿ ಯಾರೂ ಇಲ್ಲ ಅಂತ ನಂಗೂ ಗೊತ್ತು. ಹೇಳಿದ್ರೆ ಹುಚ್ಚು ಅಂತೀರಿ" ಅಂದರು. ಆಮೇಲೆ ಶನಿವಾರದ ಬಟವಾಡೆ ಲೆಕ್ಕ ಹೇಳಿದರು. ಯಾವ ಆಳು ಎಷ್ಟು ಮುಂಗಡ ತಗೊಂಡಿದ್ದಾರೆ ಅನ್ನುವುದೂ ಒಂದು ರೂಪಾಯಿ ತಪ್ಪಲಿಲ್ಲ.

1760ರಲ್ಲಿ ಜಿನೀವಾದ ಚಾರ್ಲ್ಸ್ ಬೊನೆ ಎಂಬ ವಿಜ್ಞಾನಿ ತನ್ನ ತಾತನ ಬಗ್ಗೆ ಇದನ್ನೇ ಬರೆದಿದ್ದಾರೆ. ತಾತನ ಕಣ್ಣಿಗೆ ಪೊರೆ, ಬುದ್ಧಿ ಮಾತ್ರ ಚುರುಕು. ಇಲ್ಲದ ಗಂಡಸರು, ಹೆಂಗಸರು, ಹಕ್ಕಿಗಳು, ಗಾಡಿಗಳು ಕಾಣುತ್ತಿದ್ದವಂತೆ. ಈಗ ಅದಕ್ಕೆ ಅವರದೇ ಹೆಸರಿದೆ, ಚಾರ್ಲ್ಸ್ ಬೊನೆ ಸಿಂಡ್ರೋಮ್. ನೋಡುವ ಕೆಲಸದ ಮೆದುಳಿನ ಭಾಗ ತಲೆಯ ಹಿಂದುಗಡೆ ಇದೆ. ಕಣ್ಣಿಂದ ಬರುವುದು ಕಡಿಮೆಯಾದಾಗ ಅದು ತಾನೇ ಚಿತ್ರ ಹುಟ್ಟಿಸುತ್ತದೆ. ಬೇರೆ ಕಾರಣಗಳಿಂದಲೂ ಹೀಗೆ ಕಾಣಬಹುದು. ಅದಕ್ಕೇ ಕಣ್ಣಿನ ಡಾಕ್ಟರಿಗೆ ಪೊರೆಯ ಜೊತೆ ಇದನ್ನೂ ಬಾಯಿಬಿಟ್ಟು ಹೇಳಬೇಕು. ದೊಡ್ಡಪ್ಪ, ಅರಳು ಮರಳು ಅಂತ ಅಜ್ಜಿ ಎದುರು ಅನ್ನಬೇಡಿ. ಅವರ ಕಿವಿ ಚೆನ್ನಾಗಿದೆ.

ಚಿಕ್ಕಪ್ಪ: ಮೂರು ದಿನ ಇದ್ದು ಹೋದವರು ಹೇಳುವುದು ಸುಲಭ. ದಿನಾ ನೋಡಿಕೊಳ್ಳುವುದು ಅಣ್ಣ, ಅತ್ತಿಗೆ.

ಸಕಲೇಶಪುರ ಅಕ್ಕ: ಕೆಂಪು ಪೇಟ ನಮ್ಮ ಹಳೇ ಮೇಸ್ತ್ರಿ ಕಟ್ಟುತ್ತಿದ್ದರಲ್ವಾ? ನಮಗೆಲ್ಲ ಕಿತ್ತಳೆ ತಂದು ಕೊಡುತ್ತಿದ್ದರು.

ದೊಡ್ಡಪ್ಪ: ಎರಡು ಸಲ ಓದಿದೆ. ಯಾರೂ ಇಲ್ಲ ಅಂತ ತನಗೇ ಗೊತ್ತು ಅನ್ನುವುದನ್ನು ಅವ್ವ ನನ್ನ ಹತ್ತಿರ ಹೇಳಿರಲಿಲ್ಲ. ಗುರುವಾರ ಚಿಕ್ಕಮಗಳೂರಿಗೆ ಕರೆದುಕೊಂಡು ಬರುತ್ತೇನೆ ಪುಟ್ಟಿ. ನೀನೂ ಆಸ್ಪತ್ರೆಗೆ ಬಾ. ಇದನ್ನೆಲ್ಲ ಡಾಕ್ಟರಿಗೆ ಹೇಳಲು ನನಗೆ ಬರುವುದಿಲ್ಲ.

ಮೂಡಿಗೆರೆ ಅತ್ತೆ: ಈ ಸಲ ಯಾರೂ ಮುಂದೆ ಹಾಕಬೇಡಿ. ಆಪರೇಷನ್ ಆದರೆ ಡ್ರಾಪ್ಸ್ ಹಾಕಲು ನಾನು ಬಂದು ಇರುತ್ತೇನೆ.

ನಾನು: ಅಜ್ಜಿಗೆ ಫೋನ್ ಮಾಡಿ ಹೇಳಿದೆ. ಶನಿವಾರ ಬಟವಾಡೆ ಇದೆ, ಅಷ್ಟರಲ್ಲಿ ವಾಪಸ್ ಕರ್ಕೊಂಡು ಬಂದುಬಿಡಿ ಅಂದರು.